ನೆರಳ್ ಶೀನ ಎಂದು ಹೆಸರಿಟ್ಟವನು ನಾನು

ಶೀನಣ್ಣ ಕಳ್ಳರಲ್ಲ. ಆ ದಿನ ಬೀಜಾಡಿಯ ಕಡಲ ತಡಿಯಲ್ಲಿ ಅದು ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಅವರನ್ನು ಕಳ್ಳರೆಂದವನೂ ನಾನೇ.

ಅಲ್ಲಿ ಯಾರ್ಯಾರು ಇದ್ದರು ಎಂದು ಮೊದಲು ಹೇಳಿಬಿಡುತ್ತೇನೆ. ಆಮೇಲೆ ನನಗೆ ತಪ್ಪಿಸಿಕೊಳ್ಳಲು ಜಾಗ ಇರಬಾರದು. ಬಲೆಯ ಯಜಮಾನರಾದ ಗೋವಿಂದಣ್ಣ ಇದ್ದರು. ಹಗ್ಗ ಎಳೆದ ಒಂಬತ್ತು ಮನೆಯವರು ಇದ್ದರು, ನಾನೂ ಅದರಲ್ಲೊಬ್ಬ. ಶೀನಣ್ಣನ ಹೆಂಡತಿ ಗಿರಿಜಕ್ಕ ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು, ಮರಳಿಗೆ ಇಳಿಯದೆ ಮೇಲೆಯೇ ನಿಂತಿದ್ದರು. ಶೀನಣ್ಣ ನಮಗೆಲ್ಲ ಬೆನ್ನು ಹಾಕಿ ನಿಂತಿದ್ದರು. ಬೆನ್ನು ಹಾಕಿ ನಿಲ್ಲುವುದೇ ಅವರ ಕೆಲಸ.

ಕಡಲ ತಡಿಯವರಲ್ಲದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಕೈರಂಪಣಿ. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಬಳಸಿ ಬಿಟ್ಟು ಬರುವುದು, ಆಮೇಲೆ ಎರಡು ತುದಿಯ ಹಗ್ಗವನ್ನೂ ದಡದಲ್ಲಿ ನಿಂತು ಎಲ್ಲರೂ ಸೇರಿ ಎಳೆಯುವುದು. ಬಿದ್ದ ಮೀನನ್ನು ಮನೆಗೊಂದರಂತೆ ಗುಪ್ಪೆ ಹಾಕುತ್ತಿದ್ದೆವು. ಎಷ್ಟೇ ಸಮ ಮಾಡಿದರೂ ಒಂದು ಗುಪ್ಪೆಯಲ್ಲಿ ನಾಲ್ಕು ಬಂಗುಡೆ ಹೆಚ್ಚು, ಇನ್ನೊಂದರಲ್ಲಿ ಬರೀ ಅಗ್ಗದ ಬೈಗೆ ಮೀನು. ಅದಕ್ಕೆ ಹಿರಿಯರು ಒಂದು ಕ್ರಮ ಮಾಡಿಟ್ಟಿದ್ದರು. ಎಲ್ಲರೂ ನಂಬುವ ಒಬ್ಬರು ಮೀನಿಗೆ ಬೆನ್ನು ಹಾಕಿ ನಿಲ್ಲಬೇಕು. ಯಜಮಾನರು ಒಂದು ಗುಪ್ಪೆಗೆ ಕೈ ತೋರಿಸಿ "ಇದ್ ಯಾರಿಗ್?" ಎಂದು ಕೇಳುತ್ತಾರೆ. ಬೆನ್ನು ಹಾಕಿದವರು ನೋಡದೆ ಒಂದು ಹೆಸರು ಹೇಳುತ್ತಾರೆ. ಗುಪ್ಪೆ ಅವರದು. ಮತ್ತೆ ಮಾತಿಲ್ಲ. ದೊಡ್ಡ ಮೀನೊಂದು ಸಿಕ್ಕಿದರೆ ಅದನ್ನು ಕಡಿಯುವುದಿಲ್ಲ. ಯಾವುದಾದರೂ ಒಂದು ಗುಪ್ಪೆಯ ಮೇಲೆ ಇಟ್ಟು ಬಿಡುತ್ತೇವೆ. ಯಾರ ಹೆಸರು ಬಂತೋ ಅವರ ಪುಣ್ಯ.

ಇಪ್ಪತ್ತೆರಡು ವರ್ಷ ಶೀನಣ್ಣನೇ ಹೆಸರು ಕರೆದರು. ತಮ್ಮ ಹೆಸರನ್ನು ಹೆಚ್ಚಾಗಿ ಕೊನೆಗೆ ಹೇಳುತ್ತಿದ್ದರು. ಉಳಿದ ಗುಪ್ಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮೀನನ್ನು ಒಂದೊಂದಾಗಿ ತಿರುಗಿಸಿ ನೋಡಿ, "ಲಾಯ್ಕ್ ಇತ್ತ್ ಮಾರಾಯಾ, ಇವತ್ತಿಗ್ ಇದೇ ಅಂತ ಮಾಡಿದ್" ಎನ್ನುತ್ತಿದ್ದರು. ಬರೀ ಬೈಗೆ ಬಂದ ದಿನವೂ ಅದೇ ಮಾತು.

ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಯಾಕೆ ಎಂದು ಹೇಳುತ್ತೇನೆ. ಹೇಳಿದರೆ ನನ್ನ ತಪ್ಪು ಕಡಿಮೆಯಾಗುತ್ತದೆ ಎಂದಲ್ಲ — ಉರಿ ಎಲ್ಲಿಂದ ಎದ್ದಿತು ಎಂದು ಗೊತ್ತಾಗಲಿ ಎಂದು. ನಾನು ಈ ಹಗ್ಗ ಬಿಟ್ಟು ಹೋದವನು. "ಹೊಯ್ಗೆ ಮೇಲೆ ನಿಂತ್ಕಂಡ್ ಹಗ್ಗ ಎಳೂದೂ ಒಂದ್ ಬದ್ಕಾ?" ಎಂದು ಎಲ್ಲರೆದುರು ಹೇಳಿ, ಗಂಗೊಳ್ಳಿಗೆ ಹೋಗಿ ದೊಡ್ಡ ಬೋಟಿನಲ್ಲಿ ಪಾಲು ಹಾಕಿದವನು. ಮೂರೇ ವರ್ಷ. ಬೋಟು ಕೈ ಬಿಟ್ಟಿತು. ಒಂದು ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಇದೇ ಮರಳಿಗೆ ವಾಪಸು ಬಂದೆ. ಯಾರಾದರೂ ಹಂಗಿಸಲಿ ಎಂದು ಕಾದೆ, ತಿರುಗಿ ಬೈಯಲು ಮಾತು ಕಟ್ಟಿಕೊಂಡೇ ಬಂದಿದ್ದೆ. ಶೀನಣ್ಣ ಹಗ್ಗದಲ್ಲಿ ಒಂದು ಕೈಯಷ್ಟು ಜಾಗ ಮಾಡಿ, "ಬಾ, ಹಿಡ್ಕೋ. ಹಗ್ಗ ಉದ್ದ ಇತ್ತ್" ಎಂದರು. ಅಷ್ಟೇ. ಬೋಟಿನ ಸುದ್ದಿ ಎತ್ತಲಿಲ್ಲ.

ಹಂಗಿಸಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಒಂದು ಕೈಯಷ್ಟು ಜಾಗ — ಅದನ್ನು ನಾನು ಕ್ಷಮಿಸಲಿಲ್ಲ.

ಅವರಿಗೆ ಇದ್ದದ್ದಾದರೂ ಏನು? ಹಂಚಿನ ಮನೆ, ಅಂಗಳದಲ್ಲಿ ಎರಡು ತೆಂಗಿನ ಮರ, ಬ್ರಹ್ಮಾವರಕ್ಕೆ ಮದುವೆ ಮಾಡಿ ಕೊಟ್ಟ ಒಬ್ಬಳು ಮಗಳು. ನನ್ನ ಮನೆ ಅದಕ್ಕಿಂತ ದೊಡ್ಡದು. ಆದರೂ ಅವರ ಅಂಗಳದಿಂದ ನಗು ಕೇಳಿಸಿದರೆ ನಾನು ಕಿಟಕಿ ಹಾಕುತ್ತಿದ್ದೆ. ನನ್ನ ಅಜ್ಜಿ ನನಗೆ ಮಾತು ಕಲಿಸಿದವಳು. ಕತೆ, ಗಾದೆ, ಒಗಟು ಎಲ್ಲ ಅವಳದೇ. ಅವಳು ಒಂದು ಮಾತು ಹೇಳುತ್ತಿದ್ದಳು, "ಹೊಟ್ಟೆ ಹಸ್ದವಂಗ್ ಗಂಜಿ ಕೊಡ್ಲಕ್ಕ್, ಹೊಟ್ಟೆ ಉರ್ದವಂಗ್ ಎಂತ ಕೊಡೂದ್?" ಆ ಮಾತನ್ನು ನಾನು ಎಷ್ಟೋ ಸಭೆಯಲ್ಲಿ ಹೇಳಿ ನಗಿಸಿದ್ದೇನೆ. ನಗಿಸುವಾಗ ಅದು ಬೇರೆ ಯಾರದೋ ಕತೆ ಎಂದೇ ತಿಳಿದಿದ್ದೆ.

ಆ ವರ್ಷ ಮಳೆಗಾಲಕ್ಕೆ ಇನ್ನೆರಡು ತಿಂಗಳು ಇರುವಾಗ ಶೀನಣ್ಣ ನನ್ನನ್ನು ಬದಿಗೆ ಕರೆದರು. "ಕುಂದಾಪ್ರಕ್ಕ್ ಹೋಪ ಇತ್ತ್, ಜೊತೆಗ್ ಬತ್ಯಾ? ಬಸ್ಸಿನ ಬೋರ್ಡ್ ಕಾಂತಿಲ್ಲೆ" ಎಂದರು. ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ದಪ್ಪಗೆ ಕಟ್ಟಿದೆ, ಇಷ್ಟು ದಿನ ಹೇಗೆ ಓಡಾಡಿದಿರಿ ಎಂದು ಡಾಕ್ಟರು ನನ್ನೆದುರೇ ಕೇಳಿದರು. ಆಪರೇಶನ್ ಮಾಡಿದರೆ ಸರಿಯಾಗುತ್ತದೆ ಎಂದರು. ಶೀನಣ್ಣ ಮಳೆಗಾಲದಲ್ಲಿ ಬಲೆ ಕಟ್ಟಿಟ್ಟ ಮೇಲೆ ಬರುತ್ತೇನೆ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡರು. "ಗೋವಿಂದಂಗೆ ಹೇಳ್ಬೇಡ. ಹೇಳ್ರೆ ದೋಣಿ ಹತ್ತುಕೆ ಬಿಡೂದಿಲ್ಲ. ಎರಡ್ ತಿಂಗ್ಳ್ ಅಲ್ದಾ, ಕೈಯಿಗೆ ಗೊತ್ತಿತ್ತ್ ಬಲೆ, ಕಣ್ಣ್ ಎಂತಕೆ?"

"ಎಷ್ಟ್ ಕಾಂತ್ ಶೀನಣ್ಣ ನಿಮ್ಗೆ, ಈಗ?"

"ಜನ ಆಕಾರದಂಗೆ ಕಾಂತ್ರ್. ಹೊಯ್ಗೆಗೆ ಬಿಸ್ಲ್ ಬಿದ್ರೆ ಎಂತದೂ ಇಲ್ಲೆ. ಹಾಲ್ ಚೆಲ್ದಾಂಗೆ ಬೆಳೀ. ನನ್ ಕಾಲ್ ನಂಗೆ ಕಾಂತಿಲ್ಲೆ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನೂ ನೆನಪಿಟ್ಟುಕೊಂಡಿದ್ದೆ.

ಅದೇ ದಾರಿಯಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ. "ನಿಮ್ಗೆ ಆಸೆ ಅಂಬುದೇ ಇಲ್ಯಾ? ಇಷ್ಟ್ ವರ್ಷ ಇದೇ ಹೊಯ್ಗೆ, ಇದೇ ಹಗ್ಗ." ಚುಚ್ಚಬೇಕೆಂದೇ ಕೇಳಿದ್ದು. ಅವರು ನಕ್ಕರು. "ಇಲ್ದೆ ಎಂತ! ಬಲೆ ದಡಕ್ಕ್ ಬಪ್ಪತ್ತಿಗೆ, ಇವತ್ತ್ ಎಂತ ಬಿದ್ದಿತ್ ಕಾಂಬ ಅಂತ ದಿನಾ ಆಸೆ ಆತ್. ಅದ್ ತೀರೂದೇ ಇಲ್ಲೆ. ಇನ್ನೊಂದ್ ಆಸೆ ಇಡುಕೆ ಜಾಗ ಎಲ್ಲಿತ್?"

ನಾನು ಕಿಟಕಿಯ ಹೊರಗೆ ನೋಡಿದೆ. ಉತ್ತರ ಸಿಗದ ಸಿಟ್ಟು ಇದೆಯಲ್ಲ —

ಈಗ ಆ ಸಂಜೆಗೆ ಬರುತ್ತೇನೆ.

ಸಾಮಾನ್ಯವಾಗಿ ನಾವು ಪಾಲು ಹಾಕುತ್ತಿದ್ದುದು ಬೆಳಿಗ್ಗೆ. ಆ ದಿನ ನೀರಿನ ಸೆಳೆತ ಜಾಸ್ತಿಯಿದ್ದು ಬಲೆ ಹಾಕಿದ್ದೇ ಮಧ್ಯಾಹ್ನ. ದಡಕ್ಕೆ ಬರುವಾಗ ಸೂರ್ಯ ಕಡಲಿಗೆ ಹತ್ತಿರವಾಗಿದ್ದ. ಬೈಗೆ, ಬಂಗುಡೆ, ಒಂದಿಷ್ಟು ಚಟ್ಲಿ ಎಂಬ ಸಿಗಡಿ, ಅದರ ಜೊತೆ ಬೆಲೆಬಾಳುವ ಒಂದು ಅಂಜಲ್ — ನನ್ನ ತೋಳಿನಷ್ಟು ಉದ್ದದ್ದು. ದಡದ ಬಲೆಗೆ ಅಂಜಲ್ ಬೀಳುವುದು ವರ್ಷಕ್ಕೆ ಒಂದೋ ಎರಡೋ ಸಲ. ಅದನ್ನು ಮೂರನೆಯ ಗುಪ್ಪೆಯ ಮೇಲೆ ಇಟ್ಟರು.

ಶೀನಣ್ಣ ಊರಿನ ಕಡೆ ಮುಖ ಮಾಡಿ, ಮೀನಿಗೂ ಕಡಲಿಗೂ ಬೆನ್ನು ಹಾಕಿ ನಿಂತರು. ಅವರ ಮಗಳಿಗೆ ಬ್ರಹ್ಮಾವರದಲ್ಲಿ ಹಿಂದಿನ ದಿನ ಮಗು ಹುಟ್ಟಿತ್ತು. ಗಿರಿಜಕ್ಕ ಮೇಲಿನಿಂದ ಕೂಗಿದರು, "ಹ್ವಾಯ್, ಬೇಗ ಮುಗ್ಸಿನಿ! ಬಸ್ಸ್ ಹೋದ್ರೆ ಮೊಮ್ಮಗನ್ ಮೊಕ ನಾಳೆಯೇ ಕಾಂಬುದ್."

ಗೋವಿಂದಣ್ಣ ಮೂರನೆಯ ಗುಪ್ಪೆಗೇ ಮೊದಲು ಕೈ ತೋರಿಸಿದರು. "ಇದ್ ಯಾರಿಗ್?"

"ಇವತ್ತ್ ನಂಗೇ ಮೊದ್ಲ್ ಇರ್ಲಿ ಮಾರಾಯಾ, ಬಸ್ಸಿಗ್ ಹೋಯ್ಕ್" ಎಂದರು ಶೀನಣ್ಣ.

ಇಪ್ಪತ್ತೆರಡು ವರ್ಷದಲ್ಲಿ ಅವರು ತಮ್ಮ ಹೆಸರನ್ನು ಮೊದಲು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಯಾಕೆ ಹೇಳಿದರು ಎಂಬುದು ಗಿರಿಜಕ್ಕ ಕೂಗಿದ್ದನ್ನು ಕೇಳಿದ ಎಲ್ಲರಿಗೂ ತಿಳಿಯುವಂಥದ್ದು. ಆದರೆ ಅಂಜಲ್ ಎದುರಿಗಿದ್ದಾಗ ಕಿವಿಗಿಂತ ಕಣ್ಣು ದೊಡ್ಡದಾಗುತ್ತದೆ. ಆಗ ನಾನು ಕಂಡೆ. ಗೋವಿಂದಣ್ಣನ ನೆರಳು ಮರಳಿನ ಮೇಲೆ ಉದ್ದಕ್ಕೆ ಚಾಚಿ, ಶೀನಣ್ಣನ ಕಾಲ ಬದಿಯಿಂದ ಮುಂದೆ ಹೋಗಿ, ಅವರ ಕಣ್ಣೆದುರಿಗೇ ಬಿದ್ದಿತ್ತು. ಚಾಚಿದ ಕೈಯ ನೆರಳೂ ಸ್ಪಷ್ಟವಾಗಿತ್ತು.

ನಾನು ಹೇಳಿದೆ, "ಬೆನ್ನ್ ಹಾಕಿ ಎಂತ ಸುಖ? ಎದ್ರಿಗ್ ನೆರಳ್ ಇತ್ತಲೆ. ಗೋವಿಂದಣ್ಣನ್ ಕೈ ಎಲ್ಲಿಗ್ ಹೋಯ್ತ್ ಅಂತ ಅವ್ರಿಗ್ ಟಿವಿಯಂಗೆ ಕಾಂತ್."

ಎಲ್ಲರೂ ಮರಳು ನೋಡಿದರು. ಗೋವಿಂದಣ್ಣ ತಮ್ಮ ಕೈ ಮೇಲೆತ್ತಿ, ಇಳಿಸಿ, ನೆರಳು ಅಲ್ಲಾಡುವುದನ್ನು ನೋಡಿದರು. ಅವರ ಮುಖ ಬದಲಾದದ್ದು ನನಗೆ ಕಂಡಿತು. ಸಂತೋಷವಾಯಿತು. ಹೌದು, ಸಂತೋಷವೇ ಆಯಿತು, ಆ ಶಬ್ದಕ್ಕೆ ಬದಲಿ ಹುಡುಕುವುದಿಲ್ಲ.

"ಶೀನಾ, ನಿಂಗ್ ನೆರಳ್ ಕಾಂತಿತ್ತಾ?"

"ಇಲ್ಲೆ" ಎಂದರು ಶೀನಣ್ಣ, ತಿರುಗದೆ. ಪಾಲು ಮುಗಿಯುವವರೆಗೆ ತಿರುಗಬಾರದು ಎಂಬ ಕ್ರಮವನ್ನು ಆಗಲೂ ಬಿಡಲಿಲ್ಲ.

"ಇಷ್ಟುದ್ದ ನೆರಳ್ ಕಾಂತಿಲ್ಲೆ ಅಂದ್ರೆ ಎಂತ, ಕುರ್ಡರಾ?" ಹಿಂದಿನಿಂದ ಯಾರೋ ಹೇಳಿದರು. ನಗು. ಇನ್ನೊಬ್ಬರು, "ಎಷ್ಟ್ ಸಂಜಿಯಿಂದ ಹೀಂಗ್ ಕಾಂತಿದ್ರ್ ಅಂತ ದೇವ್ರಿಗೇ ಗೊತ್ತ್" ಎಂದರು.

ಆಗ ಶೀನಣ್ಣ ತಿರುಗಿದರು. ಗೋವಿಂದಣ್ಣನ ಕಡೆಗಲ್ಲ. ನನ್ನ ದನಿ ಬಂದ ಕಡೆಗೆ. ಅವರ ನೋಟ ನನ್ನ ಮುಖದಿಂದ ಒಂದು ಗೇಣು ಆಚೆ ಬಿದ್ದಿತು, ಯಾಕೆಂದರೆ ನಾನು ಎಲ್ಲಿ ನಿಂತಿದ್ದೇನೆಂದೇ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ನೀನೇ ಹೇಳ್ ಮಾರಾಯಾ" ಎಂದರು. "ಅಡ್ಡಿಲ್ಲೆ. ಹೇಳ್."

ದೋಣಿ ತಪ್ಪಿದರೂ ಅಡ್ಡಿಯಿಲ್ಲ, ಗುಟ್ಟು ಬಿಟ್ಟುಕೊಡು ಎಂದು ಅವರು ಹೇಳುತ್ತಿದ್ದರು. ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವರು ಎಲ್ಲರೆದುರು ಆ ಕಟ್ಟು ಬಿಚ್ಚಿದ್ದರು. ಡಾಕ್ಟರು ಹೇಳಿದ್ದು, ಹಾಲು ಚೆಲ್ಲಿದ ಹಾಗೆ ಎಂದದ್ದು — ಎರಡು ವಾಕ್ಯ ಸಾಕಿತ್ತು.

ನಾನು ಹೇಳಿದ್ದು ಇಷ್ಟು: "ನಂಗೆಂತ ಗೊತ್ತಿತ್ತ್? ನಂಗ್ ಎಂತದೂ ಗೊತ್ತಿಲ್ಲೆ."

ಶೀನಣ್ಣ ಗಿರಿಜಕ್ಕನ ಕಡೆಗೆಂದು ಹೊರಟರು. ಬಿಸಿಲಿಗೆ ದಿಕ್ಕು ತಪ್ಪಿ ಮೊದಲು ಗುಪ್ಪೆಗಳ ನಡುವೆ ಬಂದಾಗ ಅವರ ಕಾಲು ಒಂದು ಗುಪ್ಪೆಗೆ ತಾಗಿ ಬೈಗೆ ಚೆದುರಿತು. ಅದನ್ನು ಕಂಡಾದರೂ ಯಾರಿಗಾದರೂ ಅರ್ಥವಾಗಬೇಕಿತ್ತು. "ಕಾಣಿ, ಸೊಕ್ಕಿನಂಗೆ ತುಳ್ಕಂಡ್ ಹೋದ್ರ್" ಎಂದು ಯಾರೋ ಹೇಳಿದರು. ಹಾಗೆಂದವನು ನಾನಲ್ಲ. ಆದರೆ ತಿದ್ದಲಿಲ್ಲ.

ಅವರು ಮೀನು ತೆಗೆದುಕೊಳ್ಳಲಿಲ್ಲ. ಮೊಮ್ಮಗನನ್ನು ನೋಡಲು ಬರಿಗೈಯಲ್ಲಿ ಬಸ್ಸು ಹತ್ತಿದರು. ಅಂಜಲನ್ನು ಮತ್ತೆ ಪಾಲಿಗಿಟ್ಟೆವು. ನನಗೆ ಬರಲಿಲ್ಲ.

ಇಲ್ಲಿಗೆ ನಿಂತಿದ್ದರೂ ನಾನು ಮನುಷ್ಯ ಎನ್ನಿಸಿಕೊಳ್ಳುತ್ತಿದ್ದೆನೋ ಏನೋ. ನಿಲ್ಲಲಿಲ್ಲ. ನನಗೆ ಮಾತು ಬರುತ್ತದೆ, ಕತೆ ಕಟ್ಟಲು ಬರುತ್ತದೆ — ಅದೇ ನನ್ನ ದೊಡ್ಡ ಶಾಪ. ಮಾರನೆಯ ವಾರ ಚಹಾದ ಅಂಗಡಿಯಲ್ಲಿ "ನೆರಳ್ ಶೀನ" ಎಂದು ಹೆಸರಿಟ್ಟೆ. ಜನ ಬಿದ್ದು ಬಿದ್ದು ನಕ್ಕರು. ಮಳೆಗಾಲದಲ್ಲಿ ಅವರಿಗೆ ಕಣ್ಣಿನ ಆಪರೇಶನ್ ಆಯಿತು. ಆಗ ಗೋವಿಂದಣ್ಣ, "ಹಂಗಾರೆ ಅವತ್ತ್ ಅವ್ನಿಗ್ ಕಾಂತಿರ್ಲಿಲ್ಯಾ?" ಎಂದು ಅನುಮಾನದಿಂದ ಒಮ್ಮೆ ಕೇಳಿದರು. ಅದು ನನಗೆ ಸಿಕ್ಕಿದ ಎರಡನೆಯ ಬಾಗಿಲು. ನಾನು, "ಈಗ ಕಣ್ಣಿಗ್ ಹೊಸ್ತ್ ಕನ್ನಡಿ ಹಾಕಿರ್, ಇನ್ ಬೆನ್ನ್ ಹಿಂದೆ ಬೀಳು ಬೆಳಿಗ್ಗಿ ನೆರಳೂ ಕಾಂತ್" ಎಂದೆ. ಗೋವಿಂದಣ್ಣನೂ ನಕ್ಕರು. ಬಾಗಿಲು ಮುಚ್ಚಿತು.

ಹೆಸರಿಗೆ ಕಾಲು ಬಂದರೆ ಬಸ್ಸಿಗಿಂತ ಬೇಗ ಹೋಗುತ್ತದೆ. ಬ್ರಹ್ಮಾವರದಲ್ಲಿ ಮಗಳ ಅತ್ತೆ, ಮಗು ಅರೆಗಣ್ಣು ಬಿಟ್ಟು ಮಲಗಿದಾಗ "ನೆರಳ್ ಶೀನನ ಮೊಮ್ಮಗ ಅಲ್ದಾ, ಕಣ್ಣ್ ಬಿಟ್ಕಂಡೇ ನಿದ್ದಿ ಮಾಡತ್" ಎಂದಳಂತೆ. ಮಗಳು ಒಂದು ವರ್ಷ ತವರಿಗೆ ಬರಲಿಲ್ಲ. ಶೀನಣ್ಣ ಮತ್ತೆ ಬಲೆಗೆ ಬರಲಿಲ್ಲ. ಮುಂದಿನ ಬೇಸಿಗೆಗೆ ಮುಂಚೆಯೇ ಗಂಡಹೆಂಡತಿ ಬೀಜಾಡಿ ಬಿಟ್ಟು, ತೆಕ್ಕಟ್ಟೆಯಲ್ಲಿ ಗಿರಿಜಕ್ಕನ ತಮ್ಮನ ಜಾಗದಲ್ಲಿ ಸಣ್ಣ ಮನೆ ಮಾಡಿದರು. ಅಲ್ಲಿ ಹರಿವೆ, ಬೆಂಡೆ ಬೆಳೆದು ಮಾರುತ್ತಾರೆ ಎಂದು ಸುದ್ದಿ ಬಂತು. ಒಮ್ಮೆ ಬಸ್ಸಿನಿಂದ ನೋಡಿದೆ. ಹೆದ್ದಾರಿ ಬದಿಯಲ್ಲಿ ಹರಿವೆ ಕಟ್ಟು ಇಟ್ಟುಕೊಂಡು, ಪಕ್ಕದವನ ಹತ್ತಿರ ಏನೋ ಹೇಳಿ ನಗುತ್ತಿದ್ದರು.

ಆ ನಗು ಕಂಡು ನನಗೆ ಪಶ್ಚಾತ್ತಾಪ ಆಗಲಿಲ್ಲ. ಮತ್ತೆ ಸಿಟ್ಟೇ ಬಂತು. ಅವರ ಹೆಸರು ಕಿತ್ತುಕೊಂಡೆ, ಕಡಲು ಕಿತ್ತುಕೊಂಡೆ — ಇನ್ನೂ ನಗುತ್ತಾರಲ್ಲ! ನನಗೆ ಬೇಕಾಗಿದ್ದದ್ದು ಅಂಜಲ್ ಅಲ್ಲ, ಆ ನಗು. ಅದು ಕೈಗೆ ಸಿಗುವ ವಸ್ತುವಲ್ಲ ಎಂದು ತಿಳಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಈ ವರ್ಷ ನಮ್ಮೂರಿನ ಯುವಕರು ನನಗೆ ಸನ್ಮಾನ ಇಟ್ಟರು. ಹಳೆಯ ಕತೆ ಹೇಳುವವರು, ಇದ್ದದ್ದರಲ್ಲೇ ತೃಪ್ತಿ ಕಂಡವರು ಎಂದು ಹೊಗಳಿ ಶಾಲು ಹೊದೆಸಿದರು. ನಾನು ಮೈಕಿನ ಎದುರು ನಿಂತು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದೆಲ್ಲ ಹೇಳಿ, ಕೊನೆಗೆ — ಬಾಯಿ ತಾನಾಗಿಯೇ ಹೇಳಿತು — "ಬಲೆ ದಡಕ್ಕೆ ಬರುವಾಗ ಇವತ್ತು ಏನು ಬಿದ್ದಿದೆ ನೋಡುವ ಎಂಬ ಒಂದು ಆಸೆ ಇದ್ದರೆ, ಇನ್ನೊಂದು ಆಸೆ ಇಡಲು ಜಾಗ ಎಲ್ಲಿದೆ?" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಅವರ ಹೆಸರು ಕೆಡಿಸಿದ್ದು ಸಾಲದೆ ಅವರ ಮಾತನ್ನೂ ಕದ್ದು ಶಾಲು ಹೊದ್ದುಕೊಂಡಿದ್ದೆ. ಚಪ್ಪಾಳೆ ತಟ್ಟಿದವರಲ್ಲಿ ಗೋವಿಂದಣ್ಣನೂ ಇದ್ದರು. ಅವರ ಕೈಯನ್ನು ನೋಡಲು ನನ್ನಿಂದ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ತೆಕ್ಕಟ್ಟೆಗೆ ಹೋದೆ. ಗಿರಿಜಕ್ಕ ಅಂಗಳ ಗುಡಿಸುತ್ತಿದ್ದರು. ನನ್ನನ್ನು ಕಂಡು ಹಿಡಿಸೂಡಿ ಕೆಳಗಿಡಲಿಲ್ಲ. "ಹ್ವಾಯ್, ಯಾರ್ ಬಂದದ್ದ್ ಅಂತ ಕಾಣಿ. ಇಲ್ಲ್ ಮೀನ್ ಇಲ್ಲೆ, ಹರಿವಿ ಮಾತ್ರ. ಅದ್ರಲ್ಲೂ ಪಾಲ್ ಬೇಕಾ ಅಂತ ಕೇಣಿ" ಎಂದು ಒಳಗೆ ಕೂಗಿದರು. ಕೂತುಕೊಳ್ಳಿ ಎನ್ನಲಿಲ್ಲ.

ಶೀನಣ್ಣ ಹೊರಗೆ ಬಂದರು. ಈಗ ಅವರಿಗೆ ಚೆನ್ನಾಗಿ ಕಾಣುತ್ತದೆ. ಈ ಸಲ ಅವರ ನೋಟ ನೇರ ನನ್ನ ಮುಖಕ್ಕೇ ಬಂತು. ನಾನು ನಿಂತಲ್ಲಿಂದಲೇ ಎಲ್ಲ ಹೇಳಿದೆ. ಅಳು ಬಂತು. ಅವರು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುಗಿದ ಮೇಲೆ ಹೇಳಿದರು:

"ನಂಗ್ ಹೇಳುಕೆ ಬಸ್ಸ್ ಹತ್ಕಂಡ್ ಬಂದ್ಯಾ? ನಂಗ್ ಗೊತ್ತಿದ್ದದ್ದೇ ಅಲ್ದಾ ಇದ್. ಗೊತ್ತಿಲ್ದವ್ರ್ ಅಲ್ಲಿದ್ರ್. ಅಲ್ಲ್ ಹೇಳ್."

"ನೀವ್ ನನ್ನ್ ಕ್ಷಮಿಸ್ಕ್ ಶೀನಣ್ಣ."

"ಅದ್ ಕೇಂಬುಕೆ ಬಪ್ಪುದಾರೆ ಇನ್ ಈ ಬದಿಗೆ ಬರ್ಬೇಡ. ನಾನ್ ಇಲ್ಲ್ ಲಾಯ್ಕ್ ಇದ್ದೆ."

ಲಾಯ್ಕ್ ಇದ್ದರು, ನಿಜ. ಅದರಲ್ಲಿ ನನಗೆ ಯಾವ ರಿಯಾಯಿತಿಯೂ ಇರಲಿಲ್ಲ. ಅವರು ಚೆನ್ನಾಗಿ ಬದುಕಿದರು ಎಂಬುದು ನಾನು ಮಾಡಿದ್ದನ್ನು ಸಣ್ಣದು ಮಾಡುವುದಿಲ್ಲ. ತೃಪ್ತಿ ಇರುವವರಿಗೆ ಗಾಯ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಮನೆಯ ಬಾಗಿಲಿನಿಂದ ಕಡಲು ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ನಾನು ಬೀಜಾಡಿಯ ಕಡಲ ತಡಿಗೆ ಹೋದೆ. ಪಾಲಿನ ಹೊತ್ತು. ಈಗ ಬೆನ್ನು ಹಾಕಿ ನಿಲ್ಲುವ ಕ್ರಮ ಇಲ್ಲ. ಆ ವರ್ಷದಿಂದ ತಕ್ಕಡಿ ಬಂದಿದೆ. ಎಲ್ಲರೂ ಮುಳ್ಳನ್ನೇ ನೋಡುತ್ತಾ ನಿಲ್ಲುತ್ತಾರೆ, ದಿನಾ ಜಗಳ. ಆ ಜನರ ನಡುವೆ ನಿಂತು ಡಾಕ್ಟರು ಹೇಳಿದ್ದು, ಬಸ್ಸಿನಲ್ಲಿ ಹೇಳಿದ್ದು, "ನಂಗ್ ಎಂತದೂ ಗೊತ್ತಿಲ್ಲೆ" ಎಂದದ್ದು — ಒಂದೂ ಬಿಡದೆ ಹೇಳಿದೆ. ಕತೆಯ ಹಾಗೆ ಹೇಳಲಿಲ್ಲ.

ಗೋವಿಂದಣ್ಣ ತಕ್ಕಡಿ ಹಿಡಿದಲ್ಲಿಂದಲೇ ಹೇಳಿದರು. "ನೀನ್ ಸುಳ್ಳ್ ಹೇಳ್ದೆ, ಸರಿ. ನಗಾಡ್ದವ್ರ್ ನಾವಲೆ. ಹನ್ನೊಂದ್ ವರ್ಷ ನಮ್ಮ್ ಬಾಯಲ್ಲೂ ಅದೇ ಹೆಸ್ರ್ ಹೇಳ್ಸಿದ್ಯಲ್ಲೋ, ಪಾಪಿ." ಮರಳಿಗೆ ಉಗಿದು, ತಕ್ಕಡಿಯನ್ನು ಅಲ್ಲಿಯೇ ಬಿಟ್ಟು ನಡೆದರು.

ಆ ಭಾನುವಾರ ಅವರು ನಾಲ್ಕು ಜನರನ್ನು ಕಟ್ಟಿಕೊಂಡು ತೆಕ್ಕಟ್ಟೆಗೆ ಹೋಗಿ ಬಂದರಂತೆ. ಅಲ್ಲಿ ಏನು ಮಾತಾಯಿತು ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಎಂದಿನಂತೆ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಗೋವಿಂದಣ್ಣ ಹತ್ತಿರ ಬಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಗ್ಗವನ್ನು ನನ್ನ ಹಿಂದಿದ್ದವನ ಕೈಗೆ ಕೊಟ್ಟರು. ಬಲೆ ದಡಕ್ಕೆ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ.